ಎಪ್ಕಾಟ್‌ನ ಆಹಾರ ಮತ್ತು ವೈನ್ ಮೇಳ: ಮೈಸೂರಿನಿಂದ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಮನೆಗಳು ಮೈಸೂರಿನಲ್ಲಿ ಈಗ ಬೀದಿಗೆ ನಾಲ್ಕಾದರೂ ಇವೆ. ಅಂಥ ಮನೆಯ ಹಿರಿಯರು ಆಷಾಢ ಕಳೆದು ಹೊರಟರೆ ದೀಪಾವಳಿಯನ್ನು ಅಲ್ಲೇ ಮುಗಿಸಿಕೊಂಡು ಹಿಂದಿರುಗುವುದರಿಂದ ಅವರಿಗೆ ಊರಿನ ದಸರೆ ತಪ್ಪುತ್ತದೆ. ಜಂಬೂಸವಾರಿಯನ್ನು ಟಿವಿಯಲ್ಲಾದರೂ ನೋಡಬಹುದು. ಆದರೆ ಆಹಾರ ಮೇಳದ ಹೊಗೆ, ವಾಸನೆ, ನೂಕುನುಗ್ಗಲಿನ ನಡುವೆ ಕೈಯಲ್ಲಿ ದೊನ್ನೆ ಹಿಡಿದು ನಿಲ್ಲುವ ಸುಖವನ್ನು ಟಿವಿ ಕೊಡಲಾರದು. ಅದೇ ಕಾಲದಲ್ಲಿ ಫ್ಲೋರಿಡಾದ ಒರ್ಲ್ಯಾಂಡೊ ಸಮೀಪದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ, ಎಪ್ಕಾಟ್ ಎಂಬ ಥೀಮ್ ಪಾರ್ಕಿನಲ್ಲಿ ಇನ್ನೊಂದು ಆಹಾರ ಮೇಳ ನಡೆಯುತ್ತಿರುತ್ತದೆ. ಮಗಳು, ಅಳಿಯ, ಮೊಮ್ಮಗ ಮತ್ತು ಮದ್ದೂರಿನ ಕಡೆಯವರಾದ ನಮ್ಮ ಬೀಗರೊಂದಿಗೆ ಎರಡು ಬಾರಿ ಅಲ್ಲಿಗೆ ಹೋಗಿಬಂದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲ ನಾವು ಬಹಳ ತಿಂದೆವು ಮತ್ತು ಬಹಳ ದಣಿದೆವು. ಎರಡನೆಯ ಸಲ ಅದರ ಅರ್ಧದಷ್ಟು ತಿಂದು, ನಿಧಾನವಾಗಿ ನಡೆದು, ಪ್ರತಿ ತಟ್ಟೆಯನ್ನೂ ಹಂಚಿಕೊಂಡೆವು. ಮೇಳ ನಮಗೆ ದಕ್ಕಿದ್ದು ಆ ಸಲ.

ಎಪ್ಕಾಟ್ ತೆರೆದದ್ದು 1982ರ ಅಕ್ಟೋಬರ್ 1ರಂದು. ಈ ಮೇಳ ಆರಂಭವಾದದ್ದು 1996ರಲ್ಲಿ. ಪಾರ್ಕಿನ ಮುಂಭಾಗದಲ್ಲಿ 180 ಅಡಿ ಎತ್ತರದ ಬೆಳ್ಳಿಬಣ್ಣದ ಗೋಳವಿದೆ. ಹಿಂಭಾಗದಲ್ಲಿ ಒಂದು ದೊಡ್ಡ ಕೊಳವಿದ್ದು ಅದರ ಸುತ್ತ ಹನ್ನೊಂದು ದೇಶಗಳ ಆವರಣಗಳಿವೆ: ಎಡದಿಂದ ಮೆಕ್ಸಿಕೊ, ನಾರ್ವೆ, ಚೀನಾ, ಜರ್ಮನಿ, ಇಟಲಿ, ಅಮೆರಿಕ, ಜಪಾನ್, ಮೊರಾಕೊ, ಫ್ರಾನ್ಸ್, ಬ್ರಿಟನ್, ಕೆನಡಾ. ವರ್ಷವಿಡೀ ಇರುವ ಈ ಆವರಣಗಳ ನಡುನಡುವೆ ಮೇಳದ ದಿನಗಳಲ್ಲಿ ಸಣ್ಣ ಮಳಿಗೆಗಳು ಏಳುತ್ತವೆ. ಅವುಗಳಲ್ಲಿ ಬ್ರೆಜಿಲ್, ಗ್ರೀಸ್, ಬೆಲ್ಜಿಯಂ ಮುಂತಾದ ಬೇರೆ ದೇಶಗಳ ತಿನಿಸುಗಳೂ ಸಿಗುತ್ತವೆ. ಕೆಲವು ವರ್ಷ ಭಾರತದ ಮಳಿಗೆಯೂ ಇದ್ದದ್ದುಂಟು.

ದಿನ ಮತ್ತು ಟಿಕೆಟ್

ಈಚಿನ ವರ್ಷಗಳಲ್ಲಿ ಮೇಳವು ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಆರಂಭವಾಗಿ ನವೆಂಬರ್ ಮೂರನೆಯ ವಾರದವರೆಗೆ ನಡೆಯುತ್ತದೆ. ಮೇಳಕ್ಕೆ ಪ್ರತ್ಯೇಕ ಟಿಕೆಟ್ ಇಲ್ಲ, ಪಾರ್ಕಿನ ಟಿಕೆಟ್ಟೇ ಸಾಕು. ಆದರೆ ಆ ಟಿಕೆಟ್ ದಿನಕ್ಕೊಂದು ದರದಲ್ಲಿ ಒಬ್ಬರಿಗೆ ನೂರು ಡಾಲರ್ ದಾಟುವಂಥದ್ದು, ತಿಂಡಿಯ ಖರ್ಚು ಅದರ ಮೇಲಿನದು. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.

ದಿನವನ್ನು ಆರಿಸುವಾಗ ಎರಡು ವಿಷಯ ನೋಡಬೇಕು. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಸುತ್ತಮುತ್ತಲ ಊರಿನವರೆಲ್ಲ ಮೇಳಕ್ಕೇ ಎಂದು ಬರುವುದರಿಂದ, ದಸರೆಯ ರಜೆಯಲ್ಲಿ ನಮ್ಮ ಅರಮನೆಯ ಮುಂದಿನ ರಸ್ತೆ ಹೇಗಿರುತ್ತದೋ ಹಾಗೆ ಕೊಳದ ಸುತ್ತಲ ದಾರಿ ಇರುತ್ತದೆ. ಸೋಮವಾರದಿಂದ ಗುರುವಾರದೊಳಗೆ ಹೋದರೆ ಸಾಲು ಚಿಕ್ಕದು. ಎರಡನೆಯದು ಹವೆ. ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಅಲ್ಲಿ ಮಂಗಳೂರಿನ ಬೇಸಿಗೆಯಂಥ ಜಿಗುಟು ಸೆಕೆ ಇರುತ್ತದೆ, ಮಧ್ಯಾಹ್ನ ಗುಡುಗು ಮಳೆ ಬರುವುದು ಸಾಮಾನ್ಯ. ಜೂನ್‌ನಿಂದ ನವೆಂಬರ್‌ವರೆಗಿನ ಅವಧಿ ಚಂಡಮಾರುತದ ಕಾಲವೂ ಹೌದು. ಮೈಸೂರಿನ ಹಿತವಾದ ಹವೆಯಲ್ಲಿ ಬೆಳೆದ ನಮ್ಮಂಥವರಿಗೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗಿನ ದಿನಗಳೇ ವಾಸಿ.

ಮೈಸೂರಿನಲ್ಲಿಯೇ ಆರಂಭವಾಗಬೇಕಾದ ತಯಾರಿ

ಕೊಳದ ಸುತ್ತಿನ ದಾರಿ ಸುಮಾರು 1.9 ಕಿಲೋಮೀಟರ್. ಕೇಳಲು ಇದು ಕಡಿಮೆ. ಆದರೆ ಪಾರ್ಕಿನ ಬಾಗಿಲಿನಿಂದ ಅಲ್ಲಿಗೆ ತಲುಪುವುದು, ಆವರಣಗಳ ಒಳಗೆ ಸುತ್ತುವುದು, ಬಿಟ್ಟುಹೋದ ಮಳಿಗೆಗೆ ಹಿಂದಿರುಗುವುದು, ಕೊನೆಗೆ ಕಾರು ನಿಲ್ಲಿಸಿದ ಜಾಗಕ್ಕೆ ಮರಳುವುದು, ಇವೆಲ್ಲ ಸೇರಿ ಮೊದಲ ಸಲ ನಾವು ಒಂದೇ ದಿನ ಹನ್ನೊಂದು ಕಿಲೋಮೀಟರ್ ನಡೆದಿದ್ದೆವೆಂದು ಅಳಿಯಂದಿರ ಫೋನು ತೋರಿಸಿತು. ಆದ್ದರಿಂದ ಹೊರಡುವುದಕ್ಕೆ ಒಂದು ತಿಂಗಳ ಮುಂಚಿನಿಂದ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ದಿನವೂ ನಡೆಯಿರಿ, ಮತ್ತು ಅಲ್ಲಿ ಹಾಕಿಕೊಳ್ಳುವ ಶೂಗಳಲ್ಲೇ ನಡೆಯಿರಿ. ಹೊಸ ಶೂಗಳನ್ನು ಮೇಳದ ದಿನ ಮೊದಲ ಬಾರಿಗೆ ಹಾಕಿಕೊಂಡ ನಮ್ಮ ಬೀಗಿತ್ತಿಯವರು ಮಧ್ಯಾಹ್ನದ ಹೊತ್ತಿಗೆ ಕಾಲಿನ ಬೊಬ್ಬೆಗಳಿಂದ ಕುಳಿತೇಬಿಟ್ಟರು. ಮಂಡಿನೋವಿರುವವರಿಗೆ ಬಾಗಿಲಲ್ಲೇ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, ಬ್ಯಾಟರಿಯಿಂದ ಓಡುವಂಥದ್ದೂ ಇದೆ. ಇದನ್ನು ತೆಗೆದುಕೊಳ್ಳಲು ನಮ್ಮವರು ಸಂಕೋಚಪಡುತ್ತಾರೆ, ಪಡಬಾರದು. ಅಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ.

ಚೀಲದಲ್ಲಿ ನೀರಿನ ಬಾಟಲಿ, ತೆಳುವಾದ ಮಳೆಯಂಗಿ, ಟೋಪಿ, ನಿತ್ಯದ ಮಾತ್ರೆಗಳು ಮತ್ತು ಸ್ವಲ್ಪ ಮನೆಯ ಊಟ ಇರಲಿ. ಗಾಜಿನ ಪಾತ್ರೆ ಮತ್ತು ಮದ್ಯವನ್ನು ಒಳಗೆ ಬಿಡುವುದಿಲ್ಲವೇ ಹೊರತು ಮನೆಯ ತಿಂಡಿಗೆ ಅಡ್ಡಿಯಿಲ್ಲ, ಆದರೆ ಅದು ಬಿಸಿಮಾಡದೆ ತಿನ್ನುವಂತಿರಬೇಕು. ನಾವು ಒಯ್ದ ಚಿತ್ರಾನ್ನ ಆ ದಿನ ಬಹಳ ಉಪಕಾರಕ್ಕೆ ಬಂದಿತು. ಮೇಳದ ತಟ್ಟೆಗಳಲ್ಲಿ ರುಚಿಯಿದೆ. ಹೊಟ್ಟೆ ತುಂಬಿಸುವುದು ಅವುಗಳ ಕೆಲಸವಲ್ಲ.

ವೈನ್ ಸವಿಯುವ ಉದ್ದೇಶವಿದ್ದರೆ ಪಾಸ್‌ಪೋರ್ಟನ್ನೇ ಒಯ್ಯಬೇಕು, ಅದರ ನೆರಳಚ್ಚನ್ನಲ್ಲ. ಫ್ಲೋರಿಡಾದಲ್ಲಿ ಮದ್ಯಕ್ಕೆ ಕನಿಷ್ಠ ವಯಸ್ಸು 21, ತಲೆ ಪೂರ್ತಿ ನರೆತವರನ್ನೂ ಗುರುತಿನ ಪತ್ರ ಕೇಳುವುದುಂಟು. ಅದನ್ನು ಒಳಜೇಬಿನಲ್ಲಿ ಜೋಪಾನವಾಗಿಡಿ.

ಹನ್ನೊಂದು ಗಂಟೆಯವರೆಗೆ

ಕೊಳದ ಸುತ್ತಲಿನ ಆವರಣಗಳೂ ಮಳಿಗೆಗಳೂ ಸಾಮಾನ್ಯವಾಗಿ ಬೆಳಗ್ಗೆ ಹನ್ನೊಂದಕ್ಕೆ ತೆರೆಯುತ್ತವೆ, ಪಾರ್ಕು ಅದಕ್ಕಿಂತ ಮುಂಚೆ ತೆರೆಯುತ್ತದೆ. ಈ ನಡುವಿನ ಹೊತ್ತನ್ನು ಹೇಗೆ ಕಳೆಯಬೇಕೆಂಬುದಕ್ಕೆ ನನ್ನಲ್ಲಿ ಒಂದೇ ಸಲಹೆಯಿದೆ: ‘ಲಿವಿಂಗ್ ವಿತ್ ದಿ ಲ್ಯಾಂಡ್’ ಎಂಬ ದೋಣಿ ಸವಾರಿಗೆ ಹೋಗಿರಿ. ಕಾಲು ಗಂಟೆಯಷ್ಟು ಹೊತ್ತಿನ ಈ ಸವಾರಿಯಲ್ಲಿ ದೋಣಿಯು ಹಸಿರುಮನೆಗಳ ಒಳಗೂ ಸಾಗುತ್ತದೆ. ಮಣ್ಣಿಲ್ಲದೆ ನೀರು ಮತ್ತು ಪೋಷಕಾಂಶಗಳಲ್ಲಷ್ಟೇ ಬೆಳೆದ ಟೊಮೆಟೊ, ಬದನೆ, ಸೌತೆ, ತಂತಿಯಿಂದ ಇಳಿಬಿದ್ದ ಬೇರುಗಳು, ಮೀನಿನ ತೊಟ್ಟಿಗಳು ಎರಡೂ ಬದಿಗೆ ಕಾಣುತ್ತವೆ. ಇಲ್ಲಿ ಬೆಳೆದದ್ದರಲ್ಲಿ ಒಂದಷ್ಟನ್ನು ಪಾರ್ಕಿನ ಉಪಾಹಾರಗೃಹಗಳಲ್ಲೇ ಬಳಸುತ್ತಾರೆ. ನಲವತ್ತು ವರ್ಷ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆದ ನಮ್ಮ ಬೀಗರು ಇಳಿದ ಕೂಡಲೇ ಇನ್ನೊಮ್ಮೆ ಹೋಗೋಣವೆಂದರು, ಹೋದೆವು. ಊಟಕ್ಕೆ ಮುಂಚೆ ಬೆಳೆಯನ್ನು ನೋಡುವುದು ಒಳ್ಳೆಯ ಕ್ರಮವೆಂದು ನನಗೂ ಅನ್ನಿಸಿತು.

ಬಾಗಿಲ ಬಳಿ ಅಥವಾ ಮಳಿಗೆಗಳಲ್ಲಿ ಮೇಳದ ‘ಪಾಸ್‌ಪೋರ್ಟ್’ ಎಂಬ ಪುಟ್ಟ ಪುಸ್ತಿಕೆಯನ್ನು ಉಚಿತವಾಗಿ ಕೊಡುತ್ತಾರೆ. ಯಾವ ಮಳಿಗೆಯಲ್ಲಿ ಏನು ಸಿಗುತ್ತದೆಂಬ ಪಟ್ಟಿ ಅದರಲ್ಲಿರುತ್ತದೆ. ದೋಣಿಗಾಗಿ ಸಾಲಿನಲ್ಲಿ ನಿಂತಿರುವಾಗಲೇ ಅದನ್ನು ತೆರೆದು, ಮನೆಯವರೆಲ್ಲ ಸೇರಿ ಎಂಟು ತಿನಿಸುಗಳಿಗೆ ಗುರುತು ಹಾಕಿರಿ. ಎಂಟಕ್ಕಿಂತ ಹೆಚ್ಚು ಬೇಡ. ತಿನಿಸುಗಳ ಪಟ್ಟಿ ವರ್ಷವರ್ಷಕ್ಕೆ ಬದಲಾಗುವುದರಿಂದ ಹಿಂದಿನ ವರ್ಷ ಹೋದವರ ಶಿಫಾರಸನ್ನು ನಂಬಿ ಹೋಗುವುದಕ್ಕಿಂತ ಆ ದಿನದ ಪುಸ್ತಿಕೆಯನ್ನು ಓದುವುದೇ ಸರಿ.

ಖರ್ಚಿನ ಮಿತಿಯನ್ನೂ ಇಲ್ಲೇ ನಿಶ್ಚಯಿಸಿಕೊಳ್ಳಬೇಕು. ಮೂರು ನಾಲ್ಕು ತುತ್ತುಗಳ ಒಂದು ತಟ್ಟೆಗೆ ಹೆಚ್ಚುಕಡಿಮೆ ಆರರಿಂದ ಹತ್ತು ಡಾಲರ್ ಇರುತ್ತದೆ. ಪ್ರತಿ ತಟ್ಟೆಯನ್ನೂ ರೂಪಾಯಿಗೆ ಪರಿವರ್ತಿಸುತ್ತಾ ಹೋದರೆ ಗಂಟಲಲ್ಲಿ ಏನೂ ಇಳಿಯುವುದಿಲ್ಲ, ಲೆಕ್ಕವನ್ನೇ ಬಿಟ್ಟರೆ ಸಂಜೆಯ ಹೊತ್ತಿಗೆ ಮಕ್ಕಳಿಗೆ ಭಾರವಾಗುತ್ತದೆ. ಮಣಿಕಟ್ಟಿಗೆ ತೊಡುವಂಥ ಸಣ್ಣ ಗಿಫ್ಟ್ ಕಾರ್ಡು ಮೇಳದಲ್ಲಿ ಸಿಗುತ್ತದೆ. ನಿಶ್ಚಯಿಸಿದ ಹಣವನ್ನು ಅದರಲ್ಲಿ ತುಂಬಿಸಿ ಅಲ್ಲಿಗೆ ಆ ಯೋಚನೆಯನ್ನು ಮುಗಿಸುವುದು ಒಳ್ಳೆಯದು.

ಕೊಳದ ಸುತ್ತ

ನಮ್ಮ ಮೊದಲ ಸಲದ ತಪ್ಪು ಇಲ್ಲಿ ನಡೆಯಿತು. ಮಳಿಗೆಗಳು ತೆರೆದ ಮೊದಲ ಒಂದು ಗಂಟೆಯಲ್ಲಿ, ಸಾಲು ಇಲ್ಲವೆಂಬ ಉತ್ಸಾಹದಲ್ಲಿ, ಐದು ಮಳಿಗೆಗಳಲ್ಲಿ ತಲೆಗೊಂದು ತಟ್ಟೆಯಂತೆ ಕೊಂಡೆವು. ಮಧ್ಯಾಹ್ನ ಒಂದು ಗಂಟೆಗೆ ಯಾರಿಗೂ ಹಸಿವಿರಲಿಲ್ಲ, ಆರು ದೇಶ ಬಾಕಿ ಉಳಿದಿದ್ದವು. ಸ್ಕೌಟ್ಸ್ ಮೈದಾನದಲ್ಲಿ ದಸರಾ ಆಹಾರ ಮೇಳ ನಡೆಯುತ್ತಿದ್ದ ವರ್ಷಗಳಲ್ಲಿ ಮೈಸೂರಿನವರು ಹೇಗೆ ತಿನ್ನುತ್ತಿದ್ದರೆಂಬುದನ್ನು ನೆನೆಸಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ: ಮೊದಲು ಒಂದು ಸುತ್ತು ಸುಮ್ಮನೆ ಹೋಗಿ ಎಲ್ಲವನ್ನೂ ನೋಡುವುದು, ಆಮೇಲೆ ಆದಿವಾಸಿಗಳ ಬಂಬೂ ಬಿರಿಯಾನಿಯ ಮುಂದೆ ನಿಂತು ಬಿದಿರಿನ ಅಂಡೆಯನ್ನು ಸೀಳುವುದನ್ನು ಕಣ್ತುಂಬ ನೋಡಿ ಒಂದನ್ನು ನಾಲ್ವರು ಹಂಚಿಕೊಳ್ಳುವುದು, ಕೊನೆಗೆ ಸಿಹಿ. ಎಪ್ಕಾಟ್‌ನಲ್ಲೂ ಇದೇ ಕ್ರಮ ಸರಿ. ಒಂದು ಮಳಿಗೆಗೆ ಒಂದೇ ತಟ್ಟೆ, ಅದಕ್ಕೆ ಮೂರು ಚಮಚ. ಎರಡು ತಟ್ಟೆಗಳ ನಡುವೆ ಕನಿಷ್ಠ ಅರ್ಧ ಗಂಟೆ.

ಎಡಕ್ಕೆ ಮೆಕ್ಸಿಕೊದಿಂದ ಹೊರಡಬೇಕೋ, ಬಲಕ್ಕೆ ಕೆನಡಾದಿಂದ ಹೊರಡಬೇಕೋ ಎಂಬುದು ಅಷ್ಟೇನೂ ಮುಖ್ಯವಲ್ಲ. ಒಮ್ಮೆ ಹಿಡಿದ ದಿಕ್ಕನ್ನು ಬಿಡದಿರುವುದು ಮುಖ್ಯ. ನಾವು ಎಡಕ್ಕೆ ಹೊರಟೆವು. ಮೆಕ್ಸಿಕೊದ ಆವರಣವು ಹೊರಗೆ ಪಿರಮಿಡ್, ಒಳಗೆ ಸಂಜೆಗತ್ತಲಿನ ಪೇಟೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿ ಮಾಡಿದ ಹಿಟ್ಟಿನ ರೊಟ್ಟಿಗಳು ಆ ನಾಡಿನ ಆಧಾರ, ರಾಗಿ ಮುದ್ದೆ ಮಂಡ್ಯಕ್ಕೆ ಹೇಗೋ ಹಾಗೆ. ನಾರ್ವೆಯ ಬೇಕರಿಯಲ್ಲಿ ಏಲಕ್ಕಿ ಹಾಕಿದ ಸಿಹಿ ಬನ್ನು ಸಿಗುತ್ತದೆ, ನಡುವೆ ಕಸ್ಟರ್ಡ್, ಅಂಚಿಗೆ ಕೊಬ್ಬರಿ ತುರಿ. ಅಷ್ಟು ದೂರದ ಚಳಿನಾಡಿನ ತಿಂಡಿಯಲ್ಲಿ ಏಲಕ್ಕಿಯ ಘಮ ಬಂದಾಗ ಮನಸ್ಸಿಗಾಗುವ ಸಂತೋಷವನ್ನು ಹೇಳಲಾರೆ. ಜಪಾನಿನಲ್ಲಿ ಹೆರೆದ ಮಂಜುಗಡ್ಡೆಗೆ ಬಣ್ಣದ ಪಾಕ ಸುರಿದು ಕೊಡುವ ಕಾಕಿಗೋರಿಯನ್ನು ಮೊಮ್ಮಗ ಐಸ್ ಗೋಲಾ ಎಂದೇ ಕೇಳಿ ಪಡೆದ. ಬ್ರೆಜಿಲ್ಲಿನ ಮಳಿಗೆ ಇರುವ ವರ್ಷಗಳಲ್ಲಿ ಅಲ್ಲಿನ ಚೀಸ್ ಬನ್ನನ್ನು ತಪ್ಪಿಸಬೇಡಿ. ಅದು ಗೋಧಿಯದಲ್ಲ, ಮರಗೆಣಸಿನ ಹಿಟ್ಟಿನದು, ಹೊರಗೆ ಗರಿಗರಿ, ಒಳಗೆ ಹಲ್ಲಿಗೆ ಎಳೆಯುವಂತೆ ಮೆದು.

ಮಳಿಗೆಯಲ್ಲಿ ನಿಂತವರನ್ನು ಮಾತನಾಡಿಸಿರಿ. ಸಾಲು ಉದ್ದವಿದ್ದಾಗ ಅಲ್ಲ, ಇಲ್ಲದಾಗ. ಇದು ಹೇಗೆ ಬೇಯುತ್ತದೆ, ನಿಮ್ಮ ಊರಲ್ಲಿ ಯಾವಾಗ ತಿನ್ನುತ್ತೀರಿ ಎಂದು ಕೇಳಿದರೆ ಅವರ ಮುಖ ಅರಳುತ್ತದೆ. ನಮ್ಮ ಯಜಮಾನರು ಹರಕುಮುರುಕು ಇಂಗ್ಲಿಷಿನಲ್ಲಿಯೇ ಮೊರಾಕೊದ ಯುವಕನೊಬ್ಬನಿಂದ ಪುದೀನ ಚಹಾ ಕಾಯಿಸುವ ಕ್ರಮವನ್ನು ಕಲಿತು ಬಂದರು.

ಸಸ್ಯಾಹಾರಿಗಳು ಕೇಳಬೇಕಾದದ್ದು

ಈ ಭಾಗವನ್ನು ನಿಧಾನವಾಗಿ ಓದಿರಿ. ಪಟ್ಟಿಯಲ್ಲಿ ಎಲೆಯ ಚಿಹ್ನೆ ಇರುವ ತಿನಿಸುಗಳು ಪೂರ್ತಿ ಸಸ್ಯಜನ್ಯವಾದವು. ಅವುಗಳಲ್ಲಿ ಮಾಂಸ, ಹಾಲು, ಮೊಟ್ಟೆ, ಜೇನು ಯಾವುದೂ ಇರುವುದಿಲ್ಲ. ಅವು ನಿಶ್ಚಿಂತೆಯಿಂದ ತಿನ್ನತಕ್ಕವು. ತೊಡಕಿರುವುದು ಚಿಹ್ನೆಯಿಲ್ಲದ ತಿನಿಸುಗಳಲ್ಲಿ. ಹೆಸರಿನಲ್ಲಿ ತರಕಾರಿಯೋ ಚೀಸೋ ಇದ್ದ ಮಾತ್ರಕ್ಕೆ ಅದು ನಮ್ಮ ಅರ್ಥದ ಸಸ್ಯಾಹಾರವಲ್ಲ. ಕೆನಡಾದ ಮಳಿಗೆಯಲ್ಲಿ ಬಹಳ ವರ್ಷಗಳಿಂದ ಹೆಸರುವಾಸಿಯಾದ ಚೆಡ್ಡಾರ್ ಚೀಸ್ ಸೂಪಿನಲ್ಲಿ ಹಂದಿಮಾಂಸದ ಬೇಕನ್ ಇರುತ್ತದೆ. ಅನ್ನ ಮತ್ತು ಸೂಪುಗಳನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದು, ಪೂರ್ವದೇಶಗಳ ತಿನಿಸಿಗೆ ಮೀನಿನ ರಸ ಬೆರೆಸುವುದು, ಸಿಹಿಗಳಿಗೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಹಾಕುವುದು ಆ ಅಡುಗೆಗಳಲ್ಲಿ ಸಹಜ.

ಚೀಸ್ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ನಾವು ಹಾಲಿಗೆ ಹೆಪ್ಪು ಹಾಕುವಂತೆ ಅವರು ಹಾಲು ಒಡೆಯಲು ರೆನೆಟ್ ಎಂಬ ಕಿಣ್ವ ಹಾಕುತ್ತಾರೆ. ಸಾಂಪ್ರದಾಯಿಕ ವಿಧಾನದಲ್ಲಿ ಅದು ಎಳೆಗರುವಿನ ಜಠರದಿಂದ ಬಂದದ್ದು. ಇಟಲಿಯ ಪಾರ್ಮಿಜಾನೊ ಚೀಸನ್ನು ಇಂದಿಗೂ ಹಾಗೆಯೇ ಮಾಡುತ್ತಾರೆ. ಬೇರೆ ಅನೇಕ ಚೀಸುಗಳಿಗೆ ಈಗ ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವ ಬಳಸುತ್ತಾರೆ. ಎಲ್ಲಿ ಗೆರೆ ಎಳೆಯಬೇಕೆಂಬುದು ಅವರವರ ಮನೆಯ ನಿಷ್ಠೆಗೆ ಬಿಟ್ಟದ್ದು, ಆದರೆ ತಿಳಿದೇ ಎಳೆಯಬೇಕು.

ಕೇಳುವ ರೀತಿಯೂ ಮುಖ್ಯ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ಸುಮ್ಮನಾಗದೆ, ‘ನೋ ಮೀಟ್, ನೋ ಚಿಕನ್, ನೋ ಫಿಶ್, ನೋ ಎಗ್’ ಎಂದು ಬಿಡಿಸಿ ಹೇಳಿರಿ, ಸಾರನ್ನೂ ಕೇಳಿರಿ. ಅಲರ್ಜಿಯವರಿಗಾಗಿ ಮಳಿಗೆಗಳಲ್ಲಿ ಪದಾರ್ಥಗಳ ವಿವರ ಇಟ್ಟಿರುತ್ತಾರೆ. ಕೇಳಿದರೆ ಬೇಸರವಿಲ್ಲದೆ ತೋರಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಆಯ್ದ ಚೀಸ್ ತಿನಿಸುಗಳಲ್ಲಿ ಐದನ್ನು ಕೊಂಡು ಪುಸ್ತಿಕೆಯಲ್ಲಿ ಮುದ್ರೆ ಹಾಕಿಸಿಕೊಂಡರೆ ಕೊನೆಗೊಂದು ಬಹುಮಾನ ಕೊಡುವ ಆಟವೂ ಇದೆ. ಮಕ್ಕಳು ಅದಕ್ಕೆ ಹಟ ಮಾಡುತ್ತಾರೆ. ಪದಾರ್ಥಗಳನ್ನು ನೋಡಿಕೊಂಡು ಒಪ್ಪಿರಿ.

ವೈನ್ ಸವಿಯುವ ಕ್ರಮ

ಕುಡಿಯದವರಿಗೆ ಮೇಳದಲ್ಲಿ ಯಾವ ಕೊರತೆಯೂ ಇಲ್ಲ, ಹಣ್ಣಿನ ರಸಗಳೂ ಮದ್ಯವಿಲ್ಲದ ಪಾನೀಯಗಳೂ ಸಿಗುತ್ತವೆ. ರುಚಿ ನೋಡುವ ಮನಸ್ಸುಳ್ಳವರು ಮೊದಲು ಒಂದು ಮಾತು ತಿಳಿದಿರಬೇಕು: ಕೊಡಗಿನ ಮನೆಗಳಲ್ಲಿ ಮಾಡುವ ಸಿಹಿಯಾದ ಹಣ್ಣಿನ ವೈನನ್ನಷ್ಟೇ ಬಲ್ಲ ನಾಲಿಗೆಗೆ ಅಲ್ಲಿಯ ವೈನ್ ಮೊದಲ ಗುಟುಕಿನಲ್ಲಿ ಹುಳಿಯೆಂದೋ ಒಗರೆಂದೋ ತೋರುತ್ತದೆ. ದ್ರಾಕ್ಷಿಯ ಸಕ್ಕರೆಯನ್ನೆಲ್ಲ ಹುದುಗು ತಿಂದು ಮುಗಿಸಿದಾಗ ಸಿಹಿ ಉಳಿಯುವುದಿಲ್ಲ. ಅದು ದೋಷವಲ್ಲ, ಬಗೆ. ಕೆಂಪು ವೈನನ್ನು ದ್ರಾಕ್ಷಿಯ ಸಿಪ್ಪೆಯೊಂದಿಗೇ ಹುದುಗಿಸುವುದರಿಂದ ಅದರಲ್ಲಿ ಒಗರು ಹೆಚ್ಚು. ಬಿಳಿಯದನ್ನು ರಸ ಹಿಂಡಿ ಸಿಪ್ಪೆ ಬೇರ್ಪಡಿಸಿ ಮಾಡುವುದರಿಂದ ಅಷ್ಟು ಒಗರಿಲ್ಲ.

ಆದ್ದರಿಂದ ಗುಳ್ಳೆಯೇಳುವ ವೈನಿನಿಂದ ಆರಂಭಿಸಿ, ಬಿಳಿಯದಕ್ಕೆ ಬಂದು, ಆಮೇಲೆ ಕೆಂಪಿಗೆ ಹೋಗಿ, ಸಿಹಿಯಾದದ್ದನ್ನು ಕೊನೆಗಿಡಿ. ಮೊದಲೇ ಸಿಹಿ ಕುಡಿದರೆ ಮುಂದಿನದೆಲ್ಲ ಹುಳಿಯಾಗುತ್ತದೆ, ಪಾಯಸ ಉಂಡು ಮಜ್ಜಿಗೆ ಕುಡಿದಂತೆ. ಮೊದಲು ಮೂಸಿ ನೋಡಿ, ಸಣ್ಣ ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ, ನುಂಗಿದ ಮೇಲೆ ಉಳಿಯುವ ರುಚಿಯನ್ನು ಗಮನಿಸಿರಿ. ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ದ್ರಾಕ್ಷಿಯ ವೈನಿನಲ್ಲಿ ಹುಳಿಯ ಜೊತೆಗೆ ತುಸು ಸಿಹಿ ಉಳಿಸಿರುವ ಬಗೆಯೊಂದಿದೆ. ಖಾರದ ತಿನಿಸಿಗೆ ಹೊಂದುವುದು ಅದೇ. ಕೆಂಪು ವೈನಿನ ಒಗರು ಖಾರವನ್ನು ಇನ್ನೂ ಉರಿಸುತ್ತದೆ, ಅದಕ್ಕೆ ಹಳೆಯ ಗಟ್ಟಿ ಚೀಸು ಒಳ್ಳೆಯ ಜೊತೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇಲ್ಲಿಯೂ ಒಂದು ಮಾತು: ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಜೆಲಟಿನ್ ಅಥವಾ ಮೀನಿನ ಗಾಳಿಚೀಲದ ಅಂಟನ್ನು ಬಳಸುವ ಪದ್ಧತಿಯುಂಟು.

ಮಳಿಗೆಗಳಲ್ಲಿ ಕೊಡುವ ಪ್ರಮಾಣ ಚಿಕ್ಕದು, ಆದರೆ ವೈನಿನಲ್ಲಿ ಸಾಮಾನ್ಯವಾಗಿ ಶೇಕಡ 12ರಿಂದ 14ರಷ್ಟು ಮದ್ಯಾಂಶವಿರುತ್ತದೆ. ಬಿಸಿಲು, ಖಾಲಿ ಹೊಟ್ಟೆ ಸೇರಿದರೆ ಅದು ಬೇಗ ಏರುತ್ತದೆ. ಇಡೀ ದಿನಕ್ಕೆ ಮೂರು ಸಾಕು, ಪ್ರತಿಯೊಂದರ ನಡುವೆ ಒಂದು ಲೋಟ ನೀರು. ಲೋಟದಲ್ಲಿ ಐಸ್ ನೀರು ಕೇಳಿದರೆ ಪಾರ್ಕಿನ ತಿಂಡಿ ಕೌಂಟರುಗಳಲ್ಲಿ ದುಡ್ಡಿಲ್ಲದೆ ಕೊಡುತ್ತಾರೆ. ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಮಾತ್ರೆ ನುಂಗುತ್ತಿರುವವರು ಮೈಸೂರು ಬಿಡುವ ಮುಂಚೆಯೇ ವೈದ್ಯರನ್ನು ಕೇಳಿಕೊಂಡಿರಬೇಕು. ಕಾರು ಓಡಿಸುವವರು ಒಂದು ಗುಟುಕನ್ನೂ ಮುಟ್ಟಬಾರದು. ನಮ್ಮ ಅಳಿಯಂದಿರು ಎರಡು ಸಲವೂ ಬರಿಯ ನೀರಿನಲ್ಲೇ ದಿನ ಕಳೆದರು.

ಮಧ್ಯಾಹ್ನ ಎರಡರಿಂದ ಐದು

ಈ ಮೂರು ಗಂಟೆಗಳಲ್ಲಿ ತಿನ್ನಬೇಡಿ, ನಡೆಯಬೇಡಿ. ಅಮೆರಿಕದ ಆವರಣದಲ್ಲಿ ಆ ದೇಶದ ಚರಿತ್ರೆಯನ್ನು ಮಾತನಾಡುವ ಯಂತ್ರಗೊಂಬೆಗಳ ಮೂಲಕ ಹೇಳುವ ಅರ್ಧ ಗಂಟೆಯ ಪ್ರದರ್ಶನವಿದೆ. ತಂಪಾದ ಸಭಾಂಗಣ, ಒರಗಿಕೊಳ್ಳುವ ಆಸನ. ಫ್ರಾನ್ಸಿನಲ್ಲಿ ಕುಳಿತು ನೋಡುವ ಸಿನಿಮಾ ಇದೆ, ಚೀನಾದ್ದೂ ಕೆನಡಾದ್ದೂ ಸುತ್ತಲೂ ಪರದೆಯಿರುವವು, ನಿಂತೇ ನೋಡಬೇಕು. ಮಳೆ ಬಂದರೆ ಇವೆಲ್ಲ ತುಂಬುವುದರಿಂದ ಮೋಡ ಕಟ್ಟುವಾಗಲೇ ಒಳಗೆ ಸೇರಿಕೊಳ್ಳಿರಿ. ಕೊಳದಲ್ಲಿ ದೋಣಿ ಓಡುವ ದಿನಗಳಲ್ಲಿ ಜರ್ಮನಿ ಅಥವಾ ಮೊರಾಕೊದ ಬಳಿಯಿಂದ ಹತ್ತಿದರೆ ಹಿರಿಯರ ಕಾಲಿಗೆ ಒಂದಷ್ಟು ದೂರ ಉಳಿಯುತ್ತದೆ.

ಸಂಜೆ

ಐದರ ನಂತರ ಕೆಲಸ ಮುಗಿಸಿ ಬರುವ ಸ್ಥಳೀಯರಿಂದ ಸಾಲುಗಳು ಬೆಳೆಯುತ್ತವೆ. ಪುಸ್ತಿಕೆಯಲ್ಲಿ ಗುರುತು ಹಾಕಿ ಉಳಿದಿರುವ ಒಂದೆರಡನ್ನು ಐದಾದ ಕೂಡಲೇ, ಸಾಲು ಬೆಳೆಯುವ ಮುಂಚೆ ಮುಗಿಸಿ, ಸಂಗೀತಕ್ಕೆ ಹೋಗಿರಿ. ಅಮೆರಿಕದ ಆವರಣದ ಎದುರಿಗಿರುವ ಬಯಲು ರಂಗಮಂದಿರದಲ್ಲಿ ಮೇಳದ ಅಂಗವಾಗಿ ಸಂಗೀತ ಕಚೇರಿಗಳು ನಡೆಯುತ್ತವೆ, ಪಾರ್ಕಿನ ಟಿಕೆಟ್ ಉಳ್ಳವರಿಗೆ ಅದಕ್ಕೆ ಬೇರೆ ಹಣವಿಲ್ಲ. ರಾತ್ರಿ ಪಾರ್ಕು ಮುಚ್ಚುವ ಹೊತ್ತಿಗೆ ಕೊಳದ ಮೇಲೆ ಬಾಣಬಿರುಸು, ಕಾರಂಜಿ, ಬೆಳಕುಗಳ ಪ್ರದರ್ಶನ ನಡೆಯುತ್ತದೆ. ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ದಡದ ಕಟಕಟೆಯ ಬಳಿ ಜಾಗ ಹಿಡಿಯಿರಿ. ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿ ಹೊಗೆ ಬರದ ಬದಿಗೆ ನಿಂತರೆ ಮೇಲು. ಬಣ್ಣದ ನೀರು ಏಳುವಾಗ ನಮ್ಮ ಬೀಗಿತ್ತಿಯವರು ಕೆಆರ್‌ಎಸ್‌ನ ಬೃಂದಾವನದ ಕಾರಂಜಿಯನ್ನು ನೆನೆದು, ಮದುವೆಯಾದ ಹೊಸತರಲ್ಲಿ ಅದನ್ನು ನೋಡಿದ ದಿನದ ಬಗ್ಗೆ ಮೊದಲ ಬಾರಿಗೆ ನನ್ನೊಂದಿಗೆ ಮಾತನಾಡಿದರು.

ಪ್ರದರ್ಶನ ಮುಗಿದ ಕೂಡಲೇ ಬಾಗಿಲ ಕಡೆಗೆ ನುಗ್ಗದೆ ಇಪ್ಪತ್ತು ನಿಮಿಷ ಇದ್ದಲ್ಲೇ ಕುಳಿತಿರಿ. ಜನ ಕರಗುತ್ತಾರೆ, ದಾರಿ ತಾನೇ ತೆರವಾಗುತ್ತದೆ. ಆ ಬಿಡುವಿನಲ್ಲಿ ಪುಸ್ತಿಕೆಯನ್ನು ತೆಗೆದು, ತಿಂದ ಪ್ರತಿಯೊಂದರ ಪಕ್ಕದಲ್ಲೂ ರುಚಿಯನ್ನು ಎರಡು ಮಾತಿನಲ್ಲಿ ಕನ್ನಡದಲ್ಲಿ ಬರೆದಿಡಿ. ಮನೆ ತಲುಪುವ ಹೊತ್ತಿಗೆ ಒಂದರ ರುಚಿ ಇನ್ನೊಂದರೊಡನೆ ಬೆರೆತುಹೋಗಿರುತ್ತದೆ. ಮರುದಿನದ ಅಡುಗೆಗೆ ತಿಳಿಸಾರು, ಅನ್ನ, ಮಜ್ಜಿಗೆ ಸಾಕೆಂದು ಮಗಳಿಗೆ ಅಂದೇ ಹೇಳಿಬಿಡಿ.